ಆತುರದ ಚೀಟಿ

ಹದಿನಾರನೆಯ ಚೀಟಿ ಬಿಚ್ಚಿದ ಸೋಮಶೇಖರನ ಹುಬ್ಬು ಗಂಟಿಕ್ಕಿತು. ಉಳಿದ ಹದಿನೈದರಲ್ಲೂ ‘ಕಾಯೋಣ’ ಎಂದಿತ್ತು. ಇದರಲ್ಲಿ ಮಾತ್ರ ‘ಈಗಲೇ ಬೇಕು’.

“ಯಾರ್ರೀ ಇದು?”

ಕುಣಿಗಲ್ ಕೆರೆ ಏರಿಯ ಪಕ್ಕದ ಹೋಟೆಲಿನಲ್ಲಿ ಸೇರಿದ್ದ ಎಲ್ಲರಿಗೂ ಇದ್ದಕ್ಕಿದ್ದಂತೆ ಚಟ್ನಿಯ ಮೇಲೆ ಆಸಕ್ತಿ ಹುಟ್ಟಿತು.

ನಾಲ್ಕು ವರ್ಷದ ಹಿಂದೆ, ಕಡಬದ ಕೆರೆಯನ್ನೇ ವಿಡಿಯೋ ಗೇಮ್ ಮಾಡುತ್ತೇನೆಂದು ಯಾರೋ ಆನ್‌ಲೈನಿನಲ್ಲಿ ಚಂದಾ ಎತ್ತಿದ್ದರು. ಹೆಸರಿಲ್ಲ, ಮುಖವಿಲ್ಲ, ‘ತೂಬುಗಾರ’ ಎಂಬ ಸಹಿಯಷ್ಟೇ. ಮಳೆ ಬಂದಾಗ ತೂಬು ಎತ್ತಿ ನೀರು ಬಿಡಬೇಕು, ಏರಿ ಒಡೆಯದಂತೆ ಕಾಯಬೇಕು. ಗುಂಡು ಹೊಡೆಯುವ ಆಟಗಳಿಂದ ಬೇಸತ್ತ ತುಮಕೂರು, ಗುಬ್ಬಿ, ಕುಣಿಗಲ್ಲಿನ ಜನ ಖುಷಿಯಿಂದ ಕೊಟ್ಟರು.

ಅಲ್ಲಿಂದೀಚೆಗೆ ಕಾಯುವುದರಲ್ಲಿ ಚಂದಾ ಕೊಟ್ಟವರ ಈ ಬಳಗವನ್ನು ಮೀರಿಸಿದವರಿಲ್ಲ. ಗುಬ್ಬಿಯ ಲೆಕ್ಕದ ಮೇಷ್ಟ್ರು ಸೋಮಶೇಖರ್ ಅದರ ಮುಂದಾಳು. ‘ಯಾವಾಗ?’ ಎಂದು ಬಾಯಿಬಿಟ್ಟವರು ಎಲ್ಲರಿಗೂ ಕಾಫಿ ಕುಡಿಸಬೇಕು ಎಂಬುದು ಅವನದೇ ಕಾನೂನು. ಎರಡು ವರ್ಷದ ಹಿಂದೆ ತೂಬುಗಾರರು ‘ಇಷ್ಟು ಸಾಕೆ, ಇನ್ನೂ ತಿದ್ದಲೆ?’ ಎಂದಾಗ, ‘ನಿಧಾನವಾಗಿ ತಿದ್ದಿ, ನಮಗೇನೂ ಆತುರವಿಲ್ಲ’ ಎಂದು ಎಲ್ಲರ ಪರವಾಗಿ ಬರೆದವನೂ ಅವನೇ. ಕಾಯೋಣವೋ ಬೇಡವೋ ಎಂದು ವರ್ಷಕ್ಕೊಮ್ಮೆ ಎಲ್ಲರಿಂದ ಚೀಟಿ ಹಾಕಿಸಿ, ಅವುಗಳ ಫೋಟೋವನ್ನು ತೂಬುಗಾರರಿಗೆ ಕಳಿಸುತ್ತಿದ್ದ. ಇದುವರೆಗೆ ಒಂದು ಚೀಟಿಯೂ ಅಪಸ್ವರ ಎತ್ತಿರಲಿಲ್ಲ. ಈಗ ಯಾವ ಮುಖ ಹೊತ್ತು ಕಳಿಸುವುದು?

ಕಣ್ಣುಗಳೆಲ್ಲ ಕಡಬದ ಮಹಾಲಿಂಗಯ್ಯನವರತ್ತ ಹೊರಳಿದವು. ಎಂಬತ್ತರ ಮುದುಕರು. ಆಟದ ಗೊಡವೆ ಅವರಿಗಿಲ್ಲ. ಅಪ್ಪ ಎತ್ತುತ್ತಿದ್ದ ತೂಬು, ಏರಿ ಮೇಲಿದ್ದ ಹುಣಸೆಮರ, ಇವನ್ನು ಇನ್ನೊಮ್ಮೆ ನೋಡಬೇಕೆಂದು ದುಡ್ಡು ಕೊಟ್ಟವರು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿಗೆ ಡಾಕ್ಟರು ಇನ್ನಾರು ತಿಂಗಳು ಎಂದಿದ್ದರು. ಸೋಮಶೇಖರ್ ಅವರತ್ತ ಬಗ್ಗಿದ.

“ಯಜಮಾನ್ರೇ, ನಿಮ್ದಾದ್ರೆ ಹೇಳ್ಬುಡಿ. ಯಾರೂ ಏನೂ ಅನ್ಕೊಳ್ಳಲ್ಲ.”

“ನಂದಲ್ಲ ಕಣಪ್ಪ. ನೋಡ್ಬೇಕು ಅಂತ ಆಸೆ ಐತೆ, ಸುಳ್ಯಾಕೆ ಹೇಳ್ಲಿ? ಆದ್ರೂ ಕಾಯೋಣ ಅಂತ್ಲೇ ಈ ಮಗೀನ್ ಕೈಲಿ ಬರ್ಸಿದೀನಿ. ಪಾಪ, ಯಾರ್ ಹೆತ್ತ ಮಗನೋ! ಅವಸರ ಮಾಡಿದ್ರೆ ಕೈ ನಡುಗಲ್ವಾ?”

‘ಈ ಮಗು’ ಎಂದರೆ ಪಕ್ಕದಲ್ಲಿ ಕುಳಿತಿದ್ದ ಅನುಪಮಾ. ಮರಳೂರಿನಲ್ಲಿ ಜೆರಾಕ್ಸ್ ಅಂಗಡಿ. ಪ್ರತಿ ಸಲವೂ ಮುದುಕರ ಪಕ್ಕವೇ ಕೂರುವಳು. ಹುಣಸೆಮರ ತೂಬಿನ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಹರಟುವಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ‘ಯಾವಾಗ?’ ಎಂದವಳಲ್ಲ, ಯಾರಿಗೂ ಕಾಫಿ ಕುಡಿಸಿದವಳಲ್ಲ.

ಸೋಮಶೇಖರ್ ಮತ್ತೆ ಚೀಟಿಗಳನ್ನು ಹರಡಿದ. ಉತ್ತರಪತ್ರಿಕೆ ತಿದ್ದಿ ಪಳಗಿದ ಕಣ್ಣು. ಎರಡು ಚೀಟಿಗಳಲ್ಲಿ ಒಂದೇ ಕೈಬರಹ. ಒಂದು ‘ಕಾಯೋಣ’. ಇನ್ನೊಂದು ‘ಈಗಲೇ ಬೇಕು’.

“ನೀನಾ ಅನುಪಮಾ?”

“ಹೂಂ ಸರ್. ತಾತನ ಚೀಟೀಲಿ ಕಾಯೋಣ ಅಂತ ಬರೀವಾಗ ಕರುಳು ಚುರ್ ಅಂತು. ನಂದ್ರಲ್ಲಿ ಹಂಗೆ ಬರಿಯಕ್ಕೆ ಆಗ್ಲಿಲ್ಲ.”

“ಅದಕ್ಕೆ ಹಿಂಗಾ? ಆ ತೂಬುಗಾರರು ಪಡೋ ಪಾಡು ನಿಂಗೇನಮ್ಮಾ ಗೊತ್ತು?”

ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಮುದುಕರ ಬಲಗಣ್ಣಿಗೆ ಹತ್ತಿರ ಇಟ್ಟಳು. ಪರದೆಯ ಮೇಲೆ ಕಡಬದ ಏರಿ ಕಂಡಿತು, ತೂಬಿನ ಎಡಕ್ಕೆ ಹುಣಸೆಮರ. ಅವರ ಬೆರಳು ಹಿಡಿದು ಒಂದು ಕೀ ಒತ್ತಿಸಿದಳು. ತೂಬು ಎದ್ದಿತು, ನೀರು ಹರಿಯಿತು.

“ಗೊತ್ತು ಸರ್. ನಾನಿದನ್ನ ಮಾಡಿ ಮುಗ್ಸಿ ಎರಡು ವರ್ಷ ಆಯ್ತು. ಯಾರಾದ್ರೂ ಒಬ್ರು ಬೇಕು ಅಂತೀರಾ ಅಂತ ನಾನೂ ಕಾಯ್ತಾ ಇದ್ದೆ.”