ಬೀಗರ ರಕ್ತ

ಮಕ್ಕಳ ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂದು ಎದ್ದ ಜಗಳ ಎಂಟು ವರ್ಷವಾದರೂ ಆರಿರಲಿಲ್ಲ. ಬೀಗರಿಗೆ ಹೃದಯಾಘಾತವಾಗಿದೆ ಎಂಬ ಸುದ್ದಿ ಬಂದಾಗ, ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆಂದು ಅಡಿವೆಪ್ಪನವರು ಆಸ್ಪತ್ರೆಗೆ ಬಂದರು.

"ಏನ್ರೀ ಬೀಗರ, ಇನ್ನೂ ಅದೀರಿ?"

"ನಿಮ್ಮನ್ನ ಮೊದ್ಲ ಕಳಿಸಿ, ಆಮ್ಯಾಲ ಹೋಗ್ತೀನ್ರಿ" ಎಂದರು ಮಂಚದ ಮೇಲಿದ್ದ ಬೀಗರು.

ಹೃದಯಾಘಾತವಾದವರು ಮುಂದೆ ಎಷ್ಟು ದಿನ ಬದುಕಿಯಾರೆಂದು ರಕ್ತದಿಂದಲೇ ಅಂದಾಜು ಮಾಡುವ ಅಧ್ಯಯನ ಅಲ್ಲಿ ನಡೆದಿತ್ತು. ಹೋಲಿಸಿ ನೋಡಲು ಗಟ್ಟಿಮುಟ್ಟಾದವರ ರಕ್ತವೂ ಬೇಕೆಂದು ಡಾಕ್ಟರು ಕೇಳಿದ್ದೇ ತಡ, ಅಡಿವೆಪ್ಪನವರು ತೋಳೇರಿಸಿದರು.

"ತಗೋರಿ. ಚಲೋ ರಕ್ತ ಹೆಂಗಿರತೈತಿ ಅಂತ ಇವರಿಗೂ ತಿಳೀಲಿ."

ಮರುದಿನ ಫಲಿತಾಂಶ ಕೇಳಲೆಂದೇ ಅವರು ಮತ್ತೆ ಬಂದರು. ಡಾಕ್ಟರು ಇಬ್ಬರ ರಿಪೋರ್ಟೂ ಹಿಡಿದು ಬೀಗರ ಮಂಚದ ಬಳಿ ನಿಂತಿದ್ದರು.

"ಒಂದ್ರಾಗ ಏನೂ ಚಿಂತಿ ಇಲ್ಲ. ಇನ್ನೊಂದು ಭಾಳ ಕೆಟ್ಟೈತಿ. ಹಿಂಗಿದ್ರ ವರ್ಷ ದಾಟೋದು ಕಷ್ಟ."

ಅಡಿವೆಪ್ಪನವರ ಮುಖ ಅರಳಿತು. "ನನಗ ಗೊತ್ತಿತ್ರಿ! ಮಂದಿ ಹೊಟ್ಟಿ ಉರಿಸಿದವರ ರಕ್ತ ಮತ್ತ ಹೆಂಗಿರತೈತಿ?"

"ನೀವು ಜಾಸ್ತಿ ಮಾತಾಡಬ್ಯಾಡ್ರಿ" ಎನ್ನುತ್ತ ಡಾಕ್ಟರು ಅವರ ತೋಳು ಹಿಡಿದು, ಬೀಗರ ಪಕ್ಕದ ಖಾಲಿ ಮಂಚದ ಮೇಲೆ ಮೆಲ್ಲಗೆ ಮಲಗಿಸಿದರು.