ಕೈಗುಣ

ಬಂಡೆಯಿಂದ ಕಿತ್ತ ಕಪ್ಪೆಚಿಪ್ಪು ನೊಫೆಝಿಲೆಯ ಅಂಗೈಯಲ್ಲೇ ಹಪ್ಪಳದಂತೆ ಪುಡಿಯಾಯಿತು. ನಲವತ್ತು ವರ್ಷದಿಂದ ಇದೇ ಪೊಂಡೊಲ್ಯಾಂಡಿನ ಕಡಲಲ್ಲಿ ಚಿಪ್ಪು ಕೀಳುತ್ತಿದ್ದ ಮುದುಕಿ ಅವಳು. ಅದುವರೆಗೆ ಅವಳ ಕೈಯಲ್ಲಿ ಒಂದೂ ಒಡೆದಿರಲಿಲ್ಲ.

ಅಲ್ಲಿ ಸೊಸೆಯ ಕೈಗುಣ ನೋಡುವುದೇ ಬಂಡೆಯ ಮೇಲೆ. ದಿನವೂ ಒಡಕು ಚಿಪ್ಪು ತರುತ್ತಾಳೆಂದು ಹಿರಿಸೊಸೆ ನೊಲಿತಾಳನ್ನು ನೊಫೆಝಿಲೆ ಹೋದ ಚಳಿಗಾಲದಲ್ಲಿ ಕೂಸಿನ ಸಮೇತ ತವರಿಗೆ ಅಟ್ಟಿದ್ದಳು. ಸಮುದ್ರದ ನೀರು ಪರೀಕ್ಷೆ ಮಾಡಲು ಬರುವ ಹುಡುಗಿ ಆಗಲೇ ಹೇಳಿದ್ದಳು: "ತಪ್ಪು ಅವಳದ್ದಲ್ಲ ಅಜ್ಜಿ. ಸಮುದ್ರ ಬಿಸಿಯಾಗ್ತಿದೆ, ಹುಳಿಯಾಗ್ತಿದೆ. ಅದಕ್ಕೇ ಚಿಪ್ಪು ತೆಳ್ಳಗಾಗ್ತಿರೋದು."

"ಹುಳಿಯಾಗೋಕೆ ಸಮುದ್ರ ಏನು ಮೊಸರಾ? ಹೋಗೇ!" ಎಂದು ನೊಫೆಝಿಲೆ ಊರಿಗೆಲ್ಲ ಕೇಳುವಂತೆ ನಕ್ಕಿದ್ದಳು.

ಈಗ ಅಂಗೈಯಲ್ಲಿ ಚೂರುಗಳು ಚುಚ್ಚುತ್ತಿದ್ದವು. ಮೊಣಕಾಲಿಗೆ ತಾಗುವ ಅಲೆ ಚಳಿಗಾಲದಲ್ಲೂ ಬೆಚ್ಚಗಿತ್ತು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ತಿರುಗಿಯೂ ನೋಡದೆ ಗುಡ್ಡ ಹತ್ತಿದ ನೊಲಿತಾ ಅವಳ ಕಣ್ಣ ಮುಂದೆ ಬಂದಳು.

"ಏನಾಯ್ತು ಅತ್ತೆ? ಒಡೀತಾ?" ಪಕ್ಕದ ಬಂಡೆಯಿಂದ ಕಿರಿಸೊಸೆ ಝಿಂತ್ಲೆ ಕೂಗಿದಳು.

ಮುದುಕಿ ಮುಷ್ಟಿಯನ್ನು ನೀರೊಳಗೆ ಅದ್ದಿ, ಬೆರಳು ಬಿಡಿಸಿದಳು. ಚೂರುಗಳನ್ನು ಅಲೆ ಒಯ್ದಿತು.

"ನನ್ನ ಕೈಯಲ್ಲಿ ಒಡೆಯೋದುಂಟಾ?" ಎಂದಳು. "ನಿನ್ನ ಬುಟ್ಟಿ ತಾ ಇಲ್ಲಿ. ಎಷ್ಟು ಒಡೆದಿದ್ದೀಯ ನೋಡ್ತೀನಿ."