ಇಪ್ಪತ್ತೊಂದು ಇಂಚಿನ ಠೀವಿ

"ಎ.ಸಿ. ಒಂಚೂರು ಆರಿಸ್ತೀನಿ, ಆಯ್ತಾ?" ಎಂದ ಹಲ್ಲಿನ ಡಾಕ್ಟರು ಹೆಂಡತಿಯ ಉತ್ತರಕ್ಕೂ ಕಾಯದೆ ಗುಂಡಿ ಒತ್ತಿಬಿಟ್ಟರು.

ಹೆದ್ದಾರಿಯ ಮೇಲೆ ಬಿಸಿಲು ಕಾದು ಕುದಿಯುತ್ತಿತ್ತು. ಪಕ್ಕದ ಸೀಟಿನಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಫೈಲು, ತುಟಿಯಲ್ಲಿ ಪಿಟಿಪಿಟಿ. ಮಕ್ಕಳು ದೊಡ್ಡವರಾಗಲಿ ಎಂದು ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದವಳಿಗೆ ಕೊನೆಗೂ ಪಕ್ಕದೂರಿನ ಔಷಧ ಕಂಪನಿಯ ಪ್ರಯೋಗಾಲಯದಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಬಸ್ಸಿನಲ್ಲಿ ಹೋಗಿಬರ್ತೀನಿ ಅಂದಿದ್ದಳು. "ಮನೆ ಮುಂದೆ ಇಂಥಾ ಕಾರು ನಿಲ್ಲಿಸ್ಕೊಂಡು ಬಸ್ಸಾ? ನೋಡಿದವರು ಏನಂತಾರೆ?" ಎಂದು ಬಲವಂತ ಮಾಡಿ ಹತ್ತಿಸಿಕೊಂಡವರು ಡಾಕ್ಟರೇ. ಹಿಂದಿನ ಸೀಟಿನ ತುಂಬ ಅವರ ಅತ್ತೆ. ಅದೇ ಊರಿನಲ್ಲಿದ್ದ ತಂಗಿಯನ್ನು ನೋಡಲು ಹೊರಟಿದ್ದರು.

ಕಾರು ಎಲೆಕ್ಟ್ರಿಕ್ಕು. ಜೊತೆಗೆ ಬಂದಿದ್ದ ಹದಿನೆಂಟು ಇಂಚಿನ ಚಕ್ರಗಳು ಡಾಕ್ಟರ ಕಣ್ಣಿಗೆ ಹಾಲುಹಲ್ಲಿನ ಹಾಗೆ ಕಾಣುತ್ತಿದ್ದವು. ಷಡ್ಡಕ ತನ್ನ ಕಾರಿಗೆ ಇಪ್ಪತ್ತು ಇಂಚಿನವು ಹಾಕಿಸಿದ ಮೇಲಂತೂ ಅವರಿಗೆ ನಿದ್ದೆ ಹತ್ತಲಿಲ್ಲ. ಇಪ್ಪತ್ತೊಂದು ಇಂಚಿನ, ಅಗಲ ಟೈರಿನ, ಫಳಫಳ ಹೊಳೆಯುವ ಚಕ್ರಗಳು ಬಂದು ಕೂತವು. ಔಷಧಿ ಶೀಸೆಯ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದುವ ಹೆಂಡತಿ ಕಾರಿನ ಕೈಪಿಡಿ ತಿರುವಿ, "ರೀ, ಚಕ್ರ ದೊಡ್ಡದಾದಷ್ಟೂ ತೂಕ ಜಾಸ್ತಿಯಂತೆ, ಟೈರು ರಸ್ತೆಗೆ ಉಜ್ಜೋದೂ ಜಾಸ್ತಿಯಂತೆ. ಒಂದು ಚಾರ್ಜಿಗೆ ಮೊದಲಿನಷ್ಟು ದೂರ ಓಡಲ್ಲ ಅಂತ ಇಲ್ಲೇ ಬರೆದಿದ್ದಾರೆ" ಎಂದಿದ್ದಳು. "ಜನ ನೋಡೋದು ಮುಂದಿನ ಹಲ್ಲು ಕಣೇ, ದವಡೆ ಹಲ್ಲಲ್ಲ" ಎಂದು ಡಾಕ್ಟರು ಅವಳ ಬಾಯಿ ಮುಚ್ಚಿಸಿದ್ದರು.

ಹಿಂದಿನ ದಿನವಿಡೀ ನೆಂಟರಿಷ್ಟರ ಬೀದಿಗಳಲ್ಲಿ ಚಕ್ರಗಳನ್ನು ಮೆರೆಸಿ ಬಂದಿದ್ದರಿಂದ ಬ್ಯಾಟರಿಯಲ್ಲಿ ಅರ್ಧದಷ್ಟೂ ಚಾರ್ಜ್ ಉಳಿದಿರಲಿಲ್ಲ. ಇಷ್ಟೇ ಚಾರ್ಜಿನಲ್ಲಿ ಪಕ್ಕದೂರಿಗೆ ಎಷ್ಟು ಸಲ ಹೋಗಿಲ್ಲ ಎಂಬುದು ಅವರ ಧೈರ್ಯ. ಹಳೇ ಚಕ್ರಗಳ ಅಭ್ಯಾಸದಲ್ಲೇ ಇದ್ದ ಕಾರಿನ ಪರದೆ ಕೂಡ, ಇನ್ನು ಇಷ್ಟು ಕಿಲೋಮೀಟರ್ ಓಡಬಹುದು ಎಂದು ಬೆಳಿಗ್ಗೆ ಧಾರಾಳವಾದ ಅಂಕಿಯನ್ನೇ ತೋರಿಸಿತ್ತು. ಊರು ದಾಟಿ ಕಾರು ವೇಗ ಹಿಡಿದದ್ದೇ ತಡ, ಅಂಕಿ ದಡದಡ ಮೆಟ್ಟಿಲಿಳಿಯತೊಡಗಿತು.

"ಎದುರುಗಾಳಿ," ಎಂದರು ಡಾಕ್ಟರು.

ಹೆಂಡತಿ ರಸ್ತೆಬದಿಯ ಮರಗಳತ್ತ ನೋಡಿದಳು. ಒಂದೆಲೆಯೂ ಅಲುಗುತ್ತಿರಲಿಲ್ಲ.

"ನಿನ್ನ ಮೊಬೈಲ್ ಚಾರ್ಜಿಂದ ಕಿತ್ತುಬಿಡು. ಕಿಟಕಿ ತೆಗೀಬೇಡಿ, ಗಾಳಿ ಹೊಕ್ಕರೆ ಕಾರನ್ನ ಹಿಂದಕ್ಕೆ ಎಳೆಯುತ್ತೆ."

"ಅಳಿಯಂದ್ರೇ," ಹಿಂದಿನಿಂದ ಅತ್ತೆ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ಕೇಳಿದರು, "ಉಸಿರಾದ್ರೂ ಆಡ್ಬಹುದಾ? ಇಲ್ಲಾ ಅದಕ್ಕೂ ಬ್ಯಾಟರಿ ಖರ್ಚಾ?"

ಡಾಕ್ಟರು ವೇಗ ತಗ್ಗಿಸಿದರು. ಲಾರಿಗಳು ದಾಟಿ ಹೋದವು. ಆಮೇಲೆ ಒಂದು ಟ್ರ್ಯಾಕ್ಟರು ಹಾರ್ನ್ ಬಾರಿಸಿಕೊಂಡು ಮುಂದೆ ಹೋಯಿತು. ಅದರ ಚಾಲಕ ಬಗ್ಗಿ ಚಕ್ರ ನೋಡಿ ಭಲೇ ಎಂಬಂತೆ ಹೆಬ್ಬೆರಳೆತ್ತಿದ. ಒಂದು ಕಣ್ಣು ಪರದೆಯ ಮೇಲಿಟ್ಟೇ ಡಾಕ್ಟರು ಗತ್ತಿನಿಂದ ತಲೆಯಾಡಿಸಿದರು.

"ರೀ, ನನಗೆ ಹೊತ್ತಾಗ್ತಿದೆ." ಹೆಂಡತಿ ಗಡಿಯಾರ ನೋಡಿಕೊಂಡಳು. ಇಸ್ತ್ರಿ ಮಾಡಿ ಉಟ್ಟ ಬಟ್ಟೆ ಬೆವರಿಗೆ ಮೈಗಂಟಿತ್ತು.

"ಎದುರಿಗೆ ಏರು ಬಂತು ನೋಡು. ಆಚೆ ಇಳಿದರೆ ಚಾರ್ಜಿಂಗ್ ಸ್ಟೇಷನ್ನು. ಆದ್ರೆ..." ಡಾಕ್ಟರ ಕಣ್ಣು ಕನ್ನಡಿಯಲ್ಲಿ ಅತ್ತೆಯ ಮೇಲೆ ನಿಂತಿತು. "ಭಾರ ಸ್ವಲ್ಪ ಜಾಸ್ತಿಯಾಯ್ತು."

"ಯಾರದು?"

"ಒಬ್ಬರದು ಅಂತಲ್ಲ. ಏರು ಮುಗಿಯೋವರೆಗೆ ಇಬ್ಬರೂ ಇಳಿದು ನಡೆದ್ರೆ..."

ಅತ್ತೆ ಬಾಗಿಲು ತೆಗೆದು, ಚೀಲ ಬಗಲಿಗೇರಿಸಿಕೊಂಡು ಇಳಿದರು. ಹೆಂಡತಿ ಫೈಲನ್ನು ತಲೆಗೆ ಅಡ್ಡ ಹಿಡಿದು ತಾಯಿಯ ಹಿಂದೆ ನಡೆದಳು. ಹತ್ತು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಹಿಂದಿನಿಂದ ಬಸ್ಸೊಂದು ಬುಸುಗುಡುತ್ತ ಬಂತು. ಹೆಂಡತಿ ಕೈ ಅಡ್ಡ ಹಾಕಿದಳು. ಬಸ್ಸು ನಿಂತು ಇಬ್ಬರನ್ನೂ ನುಂಗಿಕೊಂಡು ಹೊರಟಿತು. ಕಿಟಕಿಯಿಂದ ಅತ್ತೆ ಸಣ್ಣ ಮಗುವಿನ ಹಾಗೆ ಕೈ ಬೀಸಿದರು.

ಡಾಕ್ಟರು ಪರದೆ ನೋಡಿದರು. ಅಂಕಿ ಒಂದೇ ಒಂದು ಕಿಲೋಮೀಟರ್ ಮೇಲೇರಿತ್ತು. "ನೋಡಿದ್ಯಾ? ನಾನು ಹೇಳಲಿಲ್ವಾ?" ಎಂದು ಪಕ್ಕಕ್ಕೆ ತಿರುಗಿದರು. ಖಾಲಿ ಸೀಟಿನ ಮೇಲೆ ಕಿತ್ತಿಟ್ಟ ಚಾರ್ಜರ್ ವೈರು ಬಿದ್ದಿತ್ತು.

ತೆವಳಿಕೊಂಡು ಸ್ಟೇಷನ್ ಮುಟ್ಟಿದಾಗ ಅಲ್ಲಿ ಮುಂದೆ ಮೂರು ಕಾರುಗಳ ಸಾಲು. ಕಾಯುತ್ತಿದ್ದವರೆಲ್ಲ ಬಂದು ಚಕ್ರ ಸುತ್ತುವರಿದರು. ಒಬ್ಬ ಸವರಿ ನೋಡಿದ, ಇನ್ನೊಬ್ಬ ಪಕ್ಕ ಕುಕ್ಕರುಗಾಲಲ್ಲಿ ಕೂತು ಫೋಟೋ ತೆಗೆಸಿಕೊಂಡ. ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಎಲ್ಲಿ ತೆಗೆದುಕೊಂಡದ್ದು, ಷಡ್ಡಕನದಕ್ಕಿಂತ ಎಷ್ಟು ದೊಡ್ಡದು ಎಂದು ಬಣ್ಣಿಸುತ್ತ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಾರು ಇನ್ನೂ ಚಾರ್ಜಿಗೆ ನಿಂತಿರುವಾಗಲೇ ಹೆಂಡತಿಯ ಫೋನ್ ಬಂತು.

"ಕೆಲಸ ಸಿಕ್ತು ರೀ. ಸೋಮವಾರದಿಂದಲೇ ಬನ್ನಿ ಅಂದ್ರು."

"ಭೇಷ್! ಯೋಚನೆನೇ ಮಾಡ್ಬೇಡ, ದಿನಾ ನಾನೇ ಬಿಟ್ಟು ಬರ್ತೀನಿ."

"ಬೇಡ. ಕಂಪನಿ ವ್ಯಾನು ನಮ್ಮ ಬೀದಿಗೇ ಬರುತ್ತಂತೆ. ಕೇಳ್ಕೊಂಡು ಬಂದಿದೀನಿ."

ಆ ದನಿ ಡಾಕ್ಟರ ಎದೆಗೆ ಚುಚ್ಚಿತು. ಬಿಸಿಲಿನಲ್ಲಿ ಫೈಲು ತಲೆಗೆ ಹಿಡಿದು ನಡೆದವಳು ಕಣ್ಮುಂದೆ ಬಂದಳು. ತಪ್ಪಾಯ್ತು ಅನ್ನಬೇಕು, ಈಗಲೇ ಅಂದುಬಿಡಬೇಕು ಎಂದು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು.

"ಆ ವ್ಯಾನಿನ ಚಕ್ರ ಎಷ್ಟು ಇಂಚಿಂದು?"